ಆಂಜಿಯೋಗ್ರಾಂಗೆ ಮೊದಲು ಕಿಡ್ನಿಗೆ ಮಾತ್ರೆ ಬೇಕೆ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ತೂಕ 60 ಕೆ.ಜಿ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6. ಸಕ್ಕರೆಗೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟಾನ್, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಾರೆ. ಮುಂದಿನ ವಾರ ಮೈಸೂರಿನಲ್ಲಿ ಆಂಜಿಯೋಗ್ರಾಂ. ರಕ್ತನಾಳ ಕಾಣಲೆಂದು ಡೈ ಹಾಕಿದರೆ ಕಿಡ್ನಿಗೆ ಪೆಟ್ಟು ಬೀಳುತ್ತೆ, ಮೊದಲೇ ಅಸಿಟೈಲ್‌ಸಿಸ್ಟೀನ್ ಮಾತ್ರೆ, ವಿಟಮಿನ್ ಸಿ, ಬಾಳೆದಿಂಡಿನ ರಸ, ಎಳನೀರು ಕೊಡಿ ಎನ್ನುತ್ತಿದ್ದಾರೆ ನೆಂಟರು. ಎಷ್ಟೆಷ್ಟು ಕೊಡಬೇಕು?
– ಓದುಗರು, ಮದ್ದೂರು

ಉತ್ತರ: ಈ ನಾಲ್ಕರಲ್ಲಿ ಯಾವುದೂ ಬೇಡ. ಆದರೆ ಆಂಜಿಯೋಗ್ರಾಂ ಮುಂದೂಡಬೇಡಿ.

ಅಸಿಟೈಲ್‌ಸಿಸ್ಟೀನ್ ಹೆಸರು ಬಂದದ್ದು ಸುಮ್ಮನೆ ಅಲ್ಲ. ಡೈ ಒಳಗೆ ಹೋದಾಗ ಕಿಡ್ನಿಯ ಒಳಭಾಗದ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಅಲ್ಲಿನ ಕೋಶಗಳಿಗೆ ಆಮ್ಲಜನಕ ಸಾಲದೆ ಹಾನಿಯಾಗುತ್ತದೆ. ಆ ಹಾನಿಯನ್ನು ಈ ಔಷಧಿ ತಡೆಯಬಹುದು ಎಂದು 2000ರಲ್ಲಿ ಬಂದ ಒಂದು ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು. ಆಮೇಲೆ ಬ್ರೆಜಿಲ್‌ನಲ್ಲಿ 2,308 ಜನರ ಮೇಲೆ ಪರೀಕ್ಷಿಸಿದಾಗ (2011) ಮಾತ್ರೆ ನುಂಗಿದವರಲ್ಲೂ ನುಂಗದವರಲ್ಲೂ ಶೇ 12.7 ಮಂದಿಗೆ ಕಿಡ್ನಿ ತೊಂದರೆ ಕಾಣಿಸಿತು. ಐದು ಸಾವಿರ ಜನರನ್ನು ಸೇರಿಸಿಕೊಂಡ ‘ಪ್ರಿಸರ್ವ್’ ಅಧ್ಯಯನದಲ್ಲಿ (2018) ದಿನಕ್ಕೆರಡು ಬಾರಿ 1,200 ಮಿಲಿಗ್ರಾಂ, ಐದು ದಿನ ಕೊಟ್ಟು ನೋಡಿದರು, ಅಲ್ಲೂ ಪ್ರಯೋಜನವಾಗಲಿಲ್ಲ. ಹೀಗಿದ್ದೂ ಮೆಡಿಕಲ್ ಶಾಪ್‌ಗಳಲ್ಲಿ ಟಾರಿನ್ ಎಂಬ ಇನ್ನೊಂದು ವಸ್ತುವಿನ ಜೊತೆ ಬೆರೆಸಿದ ಈ ಮಾತ್ರೆ ‘ಕಿಡ್ನಿಗೆ ಒಳ್ಳೆಯದು’ ಎಂದೇ ಬಿಕರಿಯಾಗುತ್ತಿದೆ. ನೀರಲ್ಲಿ ಕರಗಿಸುವ ಮಾತ್ರೆಯಲ್ಲಂತೂ ಸೋಡಿಯಂ ಇರುತ್ತದೆ, ಹೃದಯ ಸೋತವರಿಗೆ ಅದೇ ಹೊರೆ.

ವಿಟಮಿನ್ ಸಿ ಗ್ರಾಂಗಟ್ಟಲೆ ಹೋದರೆ ಆಕ್ಸಲೇಟ್ ಎಂಬ ಹರಳಾಗಿ ಕಿಡ್ನಿಯಲ್ಲೇ ಕೂರುತ್ತದೆ. ಎಳನೀರಿನ ಊರಿನವರಿಗೆ ಎಳನೀರು ಬೇಡ ಎನ್ನಲು ನಮಗೂ ಮನಸ್ಸಿಲ್ಲ. ಆದರೆ 100 ಮಿ.ಲೀ. ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇದೆ, ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ಕಿಡ್ನಿ ಸೊರಗಿದವರಲ್ಲಿ ಎರಡೂ ಸೇರಿದರೆ ಎದೆಬಡಿತದ ಲಯವೇ ತಪ್ಪಬಹುದು. ಬಾಳೆದಿಂಡಿನ ರಸದಲ್ಲೂ ಪೊಟ್ಯಾಸಿಯಂ ಇದೆ.

ನಿಜವಾಗಿ ಕಾಪಾಡುವುದು ನೀರು ಮತ್ತು ಡೈಯ ಲೆಕ್ಕ. ನಿಮ್ಮ ತಂದೆಯ ವಯಸ್ಸು, ಕ್ರಿಯಾಟಿನಿನ್ ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎನ್ನುವ ಅಂದಾಜು) ಸುಮಾರು 46 ಬರುತ್ತದೆ. ಎಚ್ಚರ ಬೇಕು, ಭಯ ಬೇಡ ಎನ್ನುವ ಮಟ್ಟ ಅದು. ಡೈ ಎಷ್ಟು ಮಿ.ಲೀ. ಎನ್ನುವುದು ಈ ಸಂಖ್ಯೆಯ ಮೂರು ಪಟ್ಟು ಮೀರದಿರುವುದು ಒಳ್ಳೆಯದು, ಅಂದರೆ 140ರ ಒಳಗೆ. ಬರೀ ಆಂಜಿಯೋಗ್ರಾಂಗೆ ಅಷ್ಟು ಸಾಮಾನ್ಯವಾಗಿ ಬೇಕಾಗುವುದಿಲ್ಲ; ಅದೇ ಸಲಕ್ಕೆ ಎರಡು ಮೂರು ಸ್ಟೆಂಟ್ ಹಾಕಲು ಹೊರಟರೆ ಮೀರುತ್ತದೆ. ತುರ್ತಿಲ್ಲದಿದ್ದರೆ ಸ್ಟೆಂಟ್ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದೇ ಎಂದು ಮೊದಲೇ ಕೇಳಿ.

ಸಲೈನ್ ಹಾಕುವುದಾದರೆ ವಾಡಿಕೆಯ ಲೆಕ್ಕ ಕೆ.ಜಿ.ಗೆ ಗಂಟೆಗೆ 1 ಮಿ.ಲೀ.; ಇವರಿಗೆ ಗಂಟೆಗೆ 60 ಮಿ.ಲೀ., ಆಂಜಿಯೋಗ್ರಾಂಗೆ ಮೊದಲು 12 ಗಂಟೆ, ಆಮೇಲೆ 12 ಗಂಟೆ. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ ಕಡಿಮೆ ಇದ್ದರೆ ಅದರ ಅರ್ಧ ಸಾಕು, ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆದ್ದರಿಂದ ಇದನ್ನು ವೈದ್ಯರೇ ಗೊತ್ತುಮಾಡಬೇಕು. ಮನೆಯಲ್ಲಿ ಆಗುವ ದೊಡ್ಡ ತಪ್ಪೆಂದರೆ, ‘ಖಾಲಿ ಹೊಟ್ಟೇಲಿ ಬನ್ನಿ’ ಎಂದದ್ದಕ್ಕೆ ಹಿಂದಿನ ಸಂಜೆಯಿಂದಲೇ ನೀರನ್ನೂ ಬಿಡಿಸುವುದು. ಬಹಳ ಕಡೆ ಎರಡು ಗಂಟೆ ಮೊದಲಿನವರೆಗೆ ಬರೀ ನೀರು ಕುಡಿಯಲು ಬಿಡುತ್ತಾರೆ, ಕೇಳಿಕೊಳ್ಳಿ.

ಮೆಟ್‌ಫಾರ್ಮಿನ್ ಆಂಜಿಯೋಗ್ರಾಂ ದಿನ ಬೇಡ. 48 ಗಂಟೆ ಕಳೆದ ಮೇಲೆ ಕ್ರಿಯಾಟಿನಿನ್ ನೋಡಿ, ಏರಿಲ್ಲದಿದ್ದರೆ ಮತ್ತೆ ಶುರು. ಅಟೋರ್ವಾಸ್ಟಾಟಿನ್ ಬಿಡಬಾರದು. ಟೆಲ್ಮಿಸಾರ್ಟಾನ್ ಬಗ್ಗೆ ವೈದ್ಯರು ಹೇಳಿದಂತೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ. ನಿಮ್ಮ ಪಟ್ಟಿಯಲ್ಲಿ ಅದಿಲ್ಲ, ಆದರೆ ಕೇಳದ ಹೊರತು ಹಿರಿಯರು ಹೇಳುವುದಿಲ್ಲ.

ಮಾರನೇ ದಿನ ಡಿಸ್ಚಾರ್ಜ್ ಮಾಡಿ ಕಳಿಸುತ್ತಾರೆ, ಆದರೆ ಕ್ರಿಯಾಟಿನಿನ್ ತುತ್ತತುದಿ ಮುಟ್ಟುವುದು ಮೂರರಿಂದ ಐದನೇ ದಿನ. ಊರಿಗೆ ಬಂದ ಮೇಲೆ, ಆಂಜಿಯೋಗ್ರಾಂ ಆದ ಮೂರನೇ ದಿನ ತಪ್ಪದೆ ರಕ್ತ ಪರೀಕ್ಷೆಗೆ ಕೊಡಿ, ಮೊದಲು ಮಾಡಿಸಿದ ಲ್ಯಾಬಿನಲ್ಲೇ ಆದರೆ ಹೋಲಿಸಲು ಸುಲಭ. 1.9 ಮುಟ್ಟಿದರೆ ವೈದ್ಯರಿಗೆ ತಿಳಿಸಿ. ಮೂತ್ರ ಕಡಿಮೆಯಾದರೆ, ಮುಖ ಊದಿದರೆ, ಏದುಸಿರು ಬಂದರೆ ರಿಪೋರ್ಟಿಗೆ ಕಾಯಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಬೈಪಾಸ್ ಆಗಬೇಕು. ಅಮೈನೋ ಆಸಿಡ್ (ಪ್ರೋಟೀನಿನ ಘಟಕ) ಕೊಟ್ಟರೆ ಆಪರೇಷನ್‌ನಲ್ಲಿ ಕಿಡ್ನಿ ಉಳಿಯುತ್ತದೆ ಎಂದು ಕೇಳಿದೆ. ಈಗಿನಿಂದಲೇ ಪ್ರೋಟೀನ್ ಪುಡಿ ಕೊಡಲೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನೀವು ಕೇಳಿದ್ದು ನಿಜ, ಆದರೆ ಅದು ಪುಡಿಯ ಮಾತಲ್ಲ. 2024ರಲ್ಲಿ ಪ್ರಕಟವಾದ ‘ಪ್ರೊಟೆಕ್ಷನ್’ ಅಧ್ಯಯನದಲ್ಲಿ ಹಾರ್ಟ್-ಲಂಗ್ ಯಂತ್ರದ ಮೇಲೆ ಆಪರೇಷನ್ ಆದ 3,511 ಜನರಿದ್ದರು. ಅಮೈನೋ ಆಸಿಡ್ ಪಡೆದವರಲ್ಲಿ ಶೇ 26.9, ಪಡೆಯದವರಲ್ಲಿ ಶೇ 31.7 ಮಂದಿಗೆ ಕಿಡ್ನಿ ಏಟು ತಿಂದಿತು. ಕೊಟ್ಟದ್ದು ರಕ್ತನಾಳದ ಮೂಲಕ, ಕೆ.ಜಿ.ಗೆ ದಿನಕ್ಕೆ 2 ಗ್ರಾಂನಂತೆ, ಗರಿಷ್ಠ 100 ಗ್ರಾಂ, ಮೂರು ದಿನ ಮೀರದೆ. ಹಾಗೆ ಹರಿಯುತ್ತಿರುವಾಗ ಕಿಡ್ನಿಗೆ ರಕ್ತದ ಹರಿವು ಹೆಚ್ಚುತ್ತದೆ. ಆಪರೇಷನ್‌ಗೆ ವಾರ ಮೊದಲು ಹಾಲಿಗೆ ಬೆರೆಸಿ ಕುಡಿದ ಪುಡಿ ಆ ಕೆಲಸ ಮಾಡುತ್ತದೆ ಎನ್ನಲು ಆಧಾರವಿಲ್ಲ. ಅರಿವಳಿಕೆ ವೈದ್ಯರನ್ನು ಕೇಳಿ ನೋಡಿ. ಕೊಡುವುದೋ ಬಿಡುವುದೋ ಅವರ ತೀರ್ಮಾನ.

ಅವರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಚೂರ್ಣ, ಕಷಾಯವನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್ ಇದ್ದರೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಈಶ್ವರಿ ಬೇರು ಬೆರೆತ ಔಷಧಿ ಇದ್ದರೆ ತಪ್ಪದೆ ತೋರಿಸಿ, ಅದರಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿಯನ್ನೇ ಕೆಡಿಸುವಂಥದ್ದು.