ಡೇಟಾ ಸೆಂಟರ್‌ಗಳನ್ನು ಎತ್ತರಕ್ಕೆ ಕಟ್ಟದೆ ಅಗಲಕ್ಕೆ ಹರಡುವುದೇಕೆ?

ಡೇಟಾ ಸೆಂಟರ್ ಎಂದರೆ ಸರ್ವರ್‌ಗಳನ್ನು, ಅಂದರೆ ಇಂಟರ್ನೆಟ್ ಸೇವೆಗಳನ್ನು ನಡೆಸುವ ಕಂಪ್ಯೂಟರ್‌ಗಳನ್ನು, ಒಟ್ಟಿಗೆ ಇಟ್ಟಿರುವ ಕಟ್ಟಡ. ಅದು ಅಗಲಕ್ಕೆ ಹರಡಲು ಮುಖ್ಯ ಕಾರಣ ಶಾಖ. ಸರ್ವರ್‌ಗಳು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ. ಅದನ್ನು ಹೊರಹಾಕುವ ಯಂತ್ರಗಳಿಗೆ ಚಾವಣಿಯ ಮೇಲೋ ಕಟ್ಟಡದ ಪಕ್ಕದಲ್ಲೋ ಜಾಗ ಬೇಕು. ಹತ್ತು ಮಹಡಿ ಏರಿಸಿದರೆ ಶಾಖ ಹತ್ತು ಪಟ್ಟಾಗುತ್ತದೆ, ಚಾವಣಿ ಮಾತ್ರ ಇದ್ದಷ್ಟೇ ಇರುತ್ತದೆ. ವಿದ್ಯುತ್ತು ಕೈಕೊಟ್ಟಾಗ ಬೇಕಾಗುವ ಡೀಸೆಲ್ ಜನರೇಟರ್‌ಗಳೂ ಸಾಮಾನ್ಯವಾಗಿ ಅಂಗಳವನ್ನೇ ಬೇಡುತ್ತವೆ.

ಭಾರವೂ ಸಣ್ಣ ವಿಷಯವಲ್ಲ. ಸರ್ವರ್‌ಗಳನ್ನು ಜೋಡಿಸಿಡುವ ಕಪಾಟಿಗೆ ರ‍್ಯಾಕ್ ಎನ್ನುತ್ತಾರೆ; ಯಂತ್ರಗಳಿಂದ ತುಂಬಿದ ಒಂದು ರ‍್ಯಾಕ್ ಒಂದು ಟನ್ ದಾಟುವುದುಂಟು. ನೆಲಕ್ಕೆ ಹಾಸಿದ ಕಾಂಕ್ರೀಟ್ ಅದನ್ನು ಸುಲಭವಾಗಿ ಹೊರುತ್ತದೆ. ಎಂಟನೆಯ ಮಹಡಿಗೆ ಅದೇ ಬಲ ಕೊಡಬೇಕೆಂದರೆ ಕೆಳಗಿನ ಕಂಬ, ತೊಲೆ, ಅಡಿಪಾಯ ಎಲ್ಲವೂ ದಪ್ಪವಾಗಬೇಕು.

ಆದರೆ ಕೊನೆಯ ತೀರ್ಮಾನ ಜಮೀನಿನ ಬೆಲೆಯದೇ ಎಂದು ನಾನು ನಂಬುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯದ ಪ್ರೈನ್‌ವಿಲ್‌ನಲ್ಲಿ ಜಾಗ ಧಾರಾಳವಾಗಿತ್ತು, ಫೇಸ್‌ಬುಕ್ ಅಲ್ಲಿ ಅಗಲಕ್ಕೆ ಕಟ್ಟಿತು. ಜಾಗದ ಬರವಿರುವ ಸಿಂಗಪುರದಲ್ಲಿ ಅದೇ ಕಂಪನಿ 2018ರಲ್ಲಿ 11 ಮಹಡಿಗಳ ಡೇಟಾ ಸೆಂಟರ್ ಘೋಷಿಸಿತು. ನ್ಯೂಯಾರ್ಕಿನ 60 ಹಡ್ಸನ್ ಸ್ಟ್ರೀಟ್ ಇನ್ನೂ ಸ್ವಾರಸ್ಯದ ಉದಾಹರಣೆ: ವೆಸ್ಟರ್ನ್ ಯೂನಿಯನ್ ಎಂಬ ತಂತಿ (ಟೆಲಿಗ್ರಾಂ) ಕಂಪನಿಗಾಗಿ ಕಟ್ಟಿದ ಆ 24 ಮಹಡಿಗಳ ಕಟ್ಟಡದಲ್ಲಿ ಇಂದು ಸರ್ವರ್‌ಗಳಿವೆ. ನೂರಾರು ಇಂಟರ್ನೆಟ್ ಜಾಲಗಳ ಕೇಬಲ್‌ಗಳು ಅಲ್ಲೇ ಸಂಧಿಸುವುದರಿಂದ, ಎತ್ತರದ ತೊಂದರೆಗಳನ್ನು ಸಹಿಸಿಕೊಂಡಾದರೂ ಕಂಪನಿಗಳು ಅಲ್ಲಿಗೇ ಬರುತ್ತವೆ.