ಕಾಫಿಯ ಘಮ ಸೀಸೆಯಲ್ಲಿ ನಾತವಾದದ್ದೇಕೆ?

ಪ್ರಶ್ನೆ: ನಮ್ಮ ಸಣ್ಣ ಫ್ಲೇವರ್ ಲ್ಯಾಬ್‌ಗೆ ಕಾಫಿಯ ಘಮಕ್ಕೆಂದು ಬಳಸುವ ಗಂಧಕದ ರಾಸಾಯನಿಕ, ಫರ್ಫ್ಯೂರಿಲ್ ಮರ್ಕ್ಯಾಪ್ಟನ್, 25 ಗ್ರಾಂ ತರಿಸಿದ್ದೆವು. ಮುಚ್ಚಳ ತೆಗೆದರೆ ಸುಟ್ಟ ರಬ್ಬರಿನ ನಾತ, ಕಾಫಿಯ ಸುಳಿವೇ ಇಲ್ಲ. ಆರು ತಿಂಗಳಲ್ಲಿ ಹಳದಿ ಬಣ್ಣವೂ ಗಾಢವಾಗಿದೆ. ಮಾಲು ಕೆಟ್ಟಿದೆಯೇ?

ಉತ್ತರ: ನಾತ ಬೇರೆ, ಬಣ್ಣ ಬೇರೆ. ಹೊಚ್ಚ ಹೊಸ ಮಾಲೂ ನೇರವಾಗಿ ಮೂಸಿದರೆ ನಾರುತ್ತದೆ. ಹುರಿದ ಕಾಫಿಯ ಘಮದಲ್ಲಿ ಇದರದ್ದು ದೊಡ್ಡ ಪಾತ್ರ, ಆದರೆ ಅಲ್ಲಿ ಇರುವುದು ತೀರಾ ಅಲ್ಪ. ನೀರಿನಲ್ಲಿ ಸುಮಾರು 0.005 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಎಂದರೆ 1 ಪಿಪಿಬಿ) ಇದ್ದರೆ ಮೂಗಿಗೆ ಗೊತ್ತಾಗುತ್ತದೆ. ಲೆಕ್ಕ ಹಾಕಿದರೆ ಒಂದು ಗ್ರಾಂ 20 ಕೋಟಿ ಲೀಟರ್ ನೀರಿಗೆ ಸಾಕು. ಆದ್ದರಿಂದ ಸೀಸೆಯನ್ನು ಮೂಗಿಗೆ ಹಿಡಿದು ಗುಣ ನೋಡುವ ಅಭ್ಯಾಸ ಇವತ್ತೇ ಬಿಡಿ. ಅದರಿಂದ ಏನೂ ತಿಳಿಯುವುದಿಲ್ಲ, ಆವಿಯೂ ಒಳ್ಳೆಯದಲ್ಲ.

ಹಳದಿ ಗಾಢವಾದದ್ದು ಮಾತ್ರ ಚಿಂತೆಯ ವಿಷಯ. ಗಾಳಿಯ ಆಮ್ಲಜನಕ ತಗುಲಿದರೆ ಎರಡು ಅಣುಗಳ ಗಂಧಕಗಳು ಹೈಡ್ರೋಜನ್ ಕಳೆದುಕೊಂಡು ಪರಸ್ಪರ ಬೆಸೆದುಕೊಳ್ಳುತ್ತವೆ; ಹುಟ್ಟುವುದು ಡೈಸಲ್ಫೈಡ್. ಅದಕ್ಕೂ ಹುರಿದ ವಾಸನೆಯಿದೆ, ಆದರೆ ಮಾಂಸದ ಕಡೆಗೆ ವಾಲಿದ್ದು, ಮಂಕು. ತಾಮ್ರ, ಕಬ್ಬಿಣದ ಸೋಂಕು ಇದ್ದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಲೋಹದ ಚಮಚ ಅದ್ದಬೇಡಿ. ಆಮ್ಲ ಸೇರಿ ಬಿಸಿಯಾದರಂತೂ ಗೋಂದಿನಂತೆ ಗಟ್ಟಿಯಾಗುತ್ತದೆ.

25 ಗ್ರಾಂ ಸೀಸೆಯನ್ನು ಮತ್ತೆ ಮತ್ತೆ ತೆರೆಯುವುದೇ ಮೂಲ ತಪ್ಪು. ಬಂದ ದಿನವೇ 5 ಗ್ರಾಂ ಕಂದು ಗಾಜಿನ ಸೀಸೆಗಳಿಗೆ ಕತ್ತಿನವರೆಗೆ ತುಂಬಿ, ನೈಟ್ರೋಜನ್ ಊದಿ, ಟೆಫ್ಲಾನ್ ಪದರದ ಮುಚ್ಚಳ ಬಿಗಿಯಿರಿ. ರಬ್ಬರ್ ಬಿರಡೆ, ಡ್ರಾಪರ್ ಬೇಡ. ರಬ್ಬರ್ ಈ ವಾಸನೆಯನ್ನು ಹೀರಿಕೊಳ್ಳುತ್ತದೆ, ಮತ್ತೆ ಹೊರಬಿಡುವುದೇ ಇಲ್ಲ. ಸೀಸೆಗಳನ್ನು ಸಕ್ರಿಯ ಇದ್ದಿಲು ಹಾಕಿದ ಡಬ್ಬಿಯಲ್ಲಿಟ್ಟು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ತೆರೆಯುವ ಮೊದಲು ಕೋಣೆಯ ಉಷ್ಣತೆಗೆ ಬರಲಿ, ಇಲ್ಲದಿದ್ದರೆ ಒಳಗೆ ತೇವ ಕಟ್ಟುತ್ತದೆ.

ತೆಳು ಮಾಡುವುದು ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಕಪಾಟು) ಒಳಗೇ, ನೈಟ್ರೈಲ್ ಕೈಗವಸು ಮತ್ತು ಕನ್ನಡಕ ತೊಟ್ಟು. ಸುಮಾರು 45 ಡಿಗ್ರಿಗೇ ಇದರ ಆವಿ ಹೊತ್ತಿಕೊಳ್ಳಬಲ್ಲದು, ಹತ್ತಿರ ಬೆಂಕಿ ಬೇಡ. ಮೊದಲು 99 ಗ್ರಾಂ ಎಥನಾಲ್ ತೂಗಿ, ಪಿಪೆಟ್ಟಿನ ತುದಿಯನ್ನು ದ್ರವದೊಳಗೆ ಮುಳುಗಿಸಿ 1 ಗ್ರಾಂ ಬಿಡಿ. ಇದು ಶೇ 1. ಇದರ 1 ಗ್ರಾಂ ಮತ್ತೆ 99 ಗ್ರಾಂಗೆ ಸೇರಿಸಿದರೆ ಶೇ 0.01. ಇದರಲ್ಲಿ 0.1 ಗ್ರಾಂ ಒಂದು ಕಿಲೋ ನೀರಿಗೆ ಹಾಕಿದರೆ 10 ಪಿಪಿಬಿ. ಹಳೆಯ ಮಾಲು, ಹೊಸ ಮಾಲು ಎರಡನ್ನೂ ಹೀಗೆ ಮಾಡಿ ಪಕ್ಕಪಕ್ಕದಲ್ಲಿಟ್ಟು ಮೂಸಿ, ಆಗ ಉತ್ತರ ಸಿಗುತ್ತದೆ. ಹನಿ ಎಣಿಸಬೇಡಿ, ತೂಕವನ್ನೇ ನಂಬಿ. ಶೇ 0.01 ದ್ರಾವಣದಲ್ಲಿರುವ ಮರ್ಕ್ಯಾಪ್ಟನ್ ಅನ್ನು ಕೆಡಿಸಲು ಎಥನಾಲ್‌ನಲ್ಲಿ ಕರಗಿರುವ ಆಮ್ಲಜನಕವೇ ಸಾಕು. ಆದ್ದರಿಂದ ಅದನ್ನು ಬೇಕಾದಷ್ಟೇ, ಆಗಾಗ ಹೊಸದಾಗಿ ಮಾಡಿಕೊಳ್ಳಿ.

ಪ್ರಶ್ನೆ: ಇದೇ ರಾಸಾಯನಿಕ ನಾಲ್ಕೈದು ಹನಿ ಮೇಜಿನ ಮೇಲೆ ಚೆಲ್ಲಿತು. ಸೋಪಿನಿಂದ ಎಷ್ಟು ಒರೆಸಿದರೂ ವಾಸನೆ ಹೋಗಿಲ್ಲ. ಬ್ಲೀಚ್ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಚೆಲ್ಲಿದ ದ್ರವದ ಮೇಲೆ ಗಟ್ಟಿ ಬ್ಲೀಚ್ ಸುರಿಯಬಾರದು, ಎರಡೂ ಜೋರಾಗಿ ವರ್ತಿಸಿ ಬಿಸಿಯಾಗುತ್ತವೆ. ಮೊದಲು ಹೀರುವ ಪುಡಿ ಹಾಕಿ ಬಳಿದು ಮುಚ್ಚಳದ ಡಬ್ಬಿಗೆ ತುಂಬಿ. ಬಳಿಕ ಶೇ 5ರ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಮೇಜು ಒರೆಸಿ, ಅರ್ಧ ಗಂಟೆ ತೇವವಾಗಿಯೇ ಇರಲಿ. ಬ್ಲೀಚ್ ಕಡಿಮೆಯಾದರೆ ಕೆಲಸ ಡೈಸಲ್ಫೈಡ್‌ಗೆ ನಿಂತುಬಿಡುತ್ತದೆ, ವಾಸನೆ ಉಳಿಯುತ್ತದೆ. ಧಾರಾಳವಾಗಿದ್ದರೆ ವಾಸನೆಯಿಲ್ಲದ ಸಲ್ಫೋನಿಕ್ ಆಮ್ಲದವರೆಗೆ ಹೋಗುತ್ತದೆ. ಆಮ್ಲ, ಅಮೋನಿಯಾ, ಎಥನಾಲ್ ಇವುಗಳ ಜೊತೆ ಬ್ಲೀಚ್ ಬೆರೆಸಲೇಬಾರದು.

ಪಾತ್ರೆಗಳನ್ನು ಕ್ಷಾರದಲ್ಲಿ ತೊಳೆದರೆ ವಾಸನೆ ಥಟ್ಟನೆ ಅಡಗುತ್ತದೆ. ಮೋಸಹೋಗಬೇಡಿ. ಮರ್ಕ್ಯಾಪ್ಟನ್ ಲವಣವಾಗಿ ನೀರಿನಲ್ಲಿ ಕುಳಿತಿರುತ್ತದೆ ಅಷ್ಟೇ; ಸಿಂಕಿನ ಕೊಳವೆಯಲ್ಲಿ ಆಮ್ಲ ಸೇರಿದ ಕೂಡಲೇ ಮತ್ತೆ ಮೇಲೇಳುತ್ತದೆ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಬೆರೆಸುವುದೂ ಮರ್ಕ್ಯಾಪ್ಟನ್ ಜಾತಿಯದ್ದನ್ನೇ, ಹಾಗಾಗಿ ಅಕ್ಕಪಕ್ಕದವರು ಗ್ಯಾಸ್ ಸೋರಿದೆಯೆಂದು ಗಾಬರಿಯಾಗುವುದು ಸಹಜ. ಪಾತ್ರೆ ತೊಳೆದ ನೀರನ್ನೂ ಬ್ಲೀಚ್ ಹಾಕಿಯೇ ಸಿಂಕಿಗೆ ಬಿಡಿ. ಮತ್ತೊಂದು ಮಾತು: ಅರ್ಧ ಗಂಟೆ ಅಲ್ಲೇ ಇದ್ದವರ ಮೂಗು ಸೋತಿರುತ್ತದೆ. ವಾಸನೆ ಹೋಯಿತೇ ಎಂದು ಹೊರಗಿನಿಂದ ಬಂದವರನ್ನು ಕೇಳಿ.

ಪ್ರಶ್ನೆ: ಗಂಧಕದ ಇನ್ನೊಂದು ಫ್ಲೇವರ್ ರಾಸಾಯನಿಕ ಡೈಮಿಥೈಲ್ ಸಲ್ಫೈಡ್‌ಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಅದು 37 ಡಿಗ್ರಿಗೇ ಕುದಿಯುತ್ತದೆ. ಸೊನ್ನೆಗಿಂತ 30 ಡಿಗ್ರಿ ಕೆಳಗೂ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಎರಡು ಪಟ್ಟು ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಸಾಮಾನ್ಯ ಫ್ರಿಜ್‌ನ ಒಳಗೆ ಸ್ವಿಚ್ಚು, ದೀಪ ಇರುತ್ತವೆ. ಉರಿಯುವ ದ್ರವಗಳಿಗೆಂದೇ ಮಾಡಿದ ಫ್ರಿಜ್‌ನಲ್ಲಿಡಿ. ಮರ್ಕ್ಯಾಪ್ಟನ್ ಸೀಸೆಯನ್ನು ಬೆಚ್ಚಗಾದ ಮೇಲೆ ತೆರೆಯಬೇಕು, ಇದನ್ನು ತಣ್ಣಗಿರುವಾಗಲೇ.