ವೋಚರ್ ಇಲ್ಲದ ಗವರ್ನರ್

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕಿನ ಹಳೆಯ ಗವರ್ನರ್ ಡೇನಿಯಲ್ ಡಿ. ಟಾಂಪ್ಕಿನ್ಸ್ ಬಗ್ಗೆ ‘ದೇಶಕ್ಕಾಗಿ ಕೈ ಸುಟ್ಟುಕೊಂಡವನು’ ಎಂದು ಬರೆದಿದ್ದೀರಿ. ನಾನು ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವೋಚರ್ ಇಲ್ಲದ ಖರ್ಚನ್ನು ನಾವು ಖರ್ಚು ಅಂತಲೇ ಒಪ್ಪುತ್ತಿರಲಿಲ್ಲ. ಲೆಕ್ಕ ಕೊಡದವನನ್ನು ಹೀಗೆ ಹೊಗಳಬಹುದೇ? ಅಂದ ಹಾಗೆ, ಹೆಸರಿನ ನಡುವಿನ ‘ಡಿ’ ಅಂದರೆ ಏನು?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಮೊದಲು ನಕ್ಕೆವು. ಆಮೇಲೆ ನಮ್ಮ ಲೇಖನವನ್ನೇ ಇನ್ನೊಮ್ಮೆ ತೆಗೆದು ನೋಡಿದೆವು. ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆವು, ಅದು ನಮ್ಮ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಟಾಂಪ್ಕಿನ್ಸ್ ರೈತನ ಮಗ. ಗವರ್ನರ್ ಆದದ್ದು 1807ರಲ್ಲಿ, ಮೂವತ್ಮೂರರ ಹರೆಯದಲ್ಲಿ. ಒಟ್ಟು ನಾಲ್ಕು ಸಲ ಗೆದ್ದ. 1812ರ ಜೂನ್‌ನಲ್ಲಿ ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ನ್ಯೂಯಾರ್ಕ್ ರಾಜ್ಯದ ಗಡಿಗೆ ಅಂಟಿಕೊಂಡೇ ಕೆನಡಾ ಇತ್ತು, ಅದು ಬ್ರಿಟಿಷರದ್ದು. ನಯಾಗರಾ, ಒಂಟಾರಿಯೊ ಸರೋವರ, ಶಾಂಪ್ಲೇನ್ ಸರೋವರ, ಎಲ್ಲ ಕಡೆಯೂ ಕಾದಾಟ. ಸೈನಿಕರಿಗೆ ಬೂಟು ಬೇಕು, ಕಂಬಳಿ ಬೇಕು, ಸಂಬಳ ಬೇಕು. ಆದರೆ ಎರಡು ವರ್ಷ ರಾಜ್ಯದ ಅಸೆಂಬ್ಲಿ ಎದುರು ಪಕ್ಷದವರಾದ ಫೆಡರಲಿಸ್ಟರ ಕೈಯಲ್ಲಿತ್ತು. ಅವರಿಗೆ ಈ ಯುದ್ಧವೇ ಬೇಡವಾಗಿತ್ತು. ದುಡ್ಡು ಕೇಳಿದರೆ ಎಲ್ಲಿಂದ ಬರಬೇಕು?

1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್ ಸುಟ್ಟರು. ಮುಂದಿನ ಸರದಿ ನ್ಯೂಯಾರ್ಕ್ ನಗರದ್ದೇ ಅಂತ ಜನ ನಡುಗಿದರು, ಬ್ರೂಕ್ಲಿನ್‌ನಲ್ಲಿ ಊರವರೇ ಗುದ್ದಲಿ ಹಿಡಿದು ಮಣ್ಣಿನ ಕೋಟೆ ಕಟ್ಟಿದರು. ಕೇಂದ್ರ ಸರ್ಕಾರ ಹಣದ ಬದಲು ಕೊಟ್ಟದ್ದು ಟ್ರೆಜರಿ ನೋಟುಗಳನ್ನು, ಅಂದರೆ ‘ಮುಂದೆ ಕೊಡುತ್ತೇವೆ’ ಎಂಬ ಕಾಗದ. ಬರೀ ಆ ಕಾಗದ ನಂಬಿ ಸಾಲ ಕೊಡಲು ಬ್ಯಾಂಕಿನವರು ತಯಾರಿರಲಿಲ್ಲ. ಗವರ್ನರ್ ಖುದ್ದಾಗಿ ಸಹಿ ಹಾಕಿ ಹೊಣೆ ಹೊತ್ತರೆ ನೋಡೋಣ ಅಂದರು. ಟಾಂಪ್ಕಿನ್ಸ್ ಸಹಿ ಹಾಕಿದ. ನಮ್ಮೂರ ಸೊಸೈಟಿಯಲ್ಲಿ ಪಕ್ಕದ ಮನೆಯವನ ಸಾಲಕ್ಕೆ ಜಾಮೀನು ನಿಲ್ಲುತ್ತಾರಲ್ಲ, ಅದೇ ಕಥೆ. ಇಲ್ಲಿ ಸಾಲಗಾರ ಮಾತ್ರ ಅಮೆರಿಕ ಸರ್ಕಾರ! ಅದೇ ಹೊತ್ತಿಗೆ ಅಧ್ಯಕ್ಷ ಮ್ಯಾಡಿಸನ್ ವಿದೇಶಾಂಗ ಸಚಿವನಾಗು ಅಂತ ಕರೆದರು. ಬೇಡ, ಇಲ್ಲಿಯೇ ಕೆಲಸವಿದೆ ಅಂದುಬಿಟ್ಟ.

ಈಗ ನಿಮ್ಮ ವೋಚರ್ ವಿಷಯಕ್ಕೆ ಬರೋಣ. ರಾಜ್ಯದ ದುಡ್ಡು, ಕೇಂದ್ರದ ದುಡ್ಡು, ತನ್ನ ಹೆಸರಲ್ಲಿ ತಂದ ಸಾಲ, ಎಲ್ಲ ಒಂದಕ್ಕೊಂದು ಕಲಸಿಹೋಗಿತ್ತು. ರಸೀದಿಗಳಲ್ಲಿ ಎಷ್ಟೋ ಸಿಗಲಿಲ್ಲ. 1819ರಲ್ಲಿ ರಾಜ್ಯದ ಕಂಟ್ರೋಲರ್, ಅಂದರೆ ಲೆಕ್ಕಪತ್ರ ನೋಡುವ ಅಧಿಕಾರಿ, ಆರ್ಚಿಬಾಲ್ಡ್ ಮೆಕಿಂಟೈರ್ ಲೆಕ್ಕ ಹಾಕಿ ಸುಮಾರು 1,20,000 ಡಾಲರ್ ತಾಳೆಯಾಗುತ್ತಿಲ್ಲ ಅಂದ. ಆ ಮನುಷ್ಯ ನಿಮಗೆ ಹಿಡಿಸುತ್ತಾನೆ, ನೋಡಿ. ಹೊಣೆ ಹೊತ್ತು ಸಾಲ ತಂದುಕೊಟ್ಟಿದ್ದಕ್ಕೆ ಟಾಂಪ್ಕಿನ್ಸ್‌ಗೆ ಕಮಿಷನ್ ಕೊಟ್ಟು ಲೆಕ್ಕ ಮುಗಿಸೋಣ ಅಂತ ಶಾಸನಸಭೆ ದಾರಿ ಮಾಡಿತು. ಅಲ್ಲಿಗೆ ಸುಮ್ನೆ ಇರಬಹುದಿತ್ತು. ಆತ ಶೇಕಡಾ 25ರ ಲೆಕ್ಕದಲ್ಲಿ ಎರಡೂವರೆ ಲಕ್ಷ ಡಾಲರ್ ಕೇಳಿದ. ಅಂದರೆ ರಾಜ್ಯವೇ ಆತನಿಗೆ ಬಾಕಿ ಅಂತಾಯಿತು! ಮೆಕಿಂಟೈರ್ ಒಪ್ಪಲಿಲ್ಲ. ನಾವು ಆ ಜಾಗದಲ್ಲಿದ್ದರೂ ಒಪ್ಪುತ್ತಿರಲಿಲ್ಲ. ಆ ಬೇಡಿಕೆ ಅತಿಯಾಯಿತು, ಅದರಲ್ಲಿ ಅನುಮಾನವಿಲ್ಲ.

ಈ ಜಗಳ ನಡೆಯುವಾಗ ಆತ ಯಾರು ಗೊತ್ತಾ? ದೇಶದ ಉಪಾಧ್ಯಕ್ಷ. 1817ರಿಂದ 1825ರವರೆಗೆ ಅಧ್ಯಕ್ಷ ಮನ್ರೋ ಜೊತೆ ಎರಡು ಪೂರ್ತಿ ಅವಧಿ. ಸಂಸತ್ತಿನ ಮೇಲ್ಮನೆ ಸೆನೆಟ್ ನಡೆಸುವುದು ಉಪಾಧ್ಯಕ್ಷನ ಕೆಲಸ. ಆದರೆ ಆತ ಸೆನೆಟ್‌ಗೆ ಬಂದದ್ದಕ್ಕಿಂತ ಬಾರದ್ದೇ ಜಾಸ್ತಿ. ಬಂದಾಗಲೂ ಕುಡಿದಿರುತ್ತಿದ್ದ ಎಂಬ ದೂರುಗಳಿದ್ದವು. 1820ರಲ್ಲಿ ಉಪಾಧ್ಯಕ್ಷನಾಗಿದ್ದುಕೊಂಡೇ ಮತ್ತೆ ಗವರ್ನರ್ ಚುನಾವಣೆಗೆ ನಿಂತ, ಆಗ ಗವರ್ನರ್ ಆಗಿದ್ದ ಡಿವಿಟ್ ಕ್ಲಿಂಟನ್ ಎದುರು ಸ್ವಲ್ಪದರಲ್ಲಿ ಸೋತ. ಕೇಂದ್ರಕ್ಕೂ ಲೆಕ್ಕ ಕೊಡದೆ ಬಾಕಿ ಉಳಿಸಿಕೊಂಡವನೆಂದು ವರ್ಷಕ್ಕೆ 5,000 ಡಾಲರ್ ಸಂಬಳವನ್ನೂ ತಡೆಹಿಡಿದರು. ಕೇಸು ಕೋರ್ಟಿಗೆ ಹೋಯಿತು. ಜ್ಯೂರಿಯ ಮುಂದೆ ಆತನೇ ನಿಂತು ಮಾತಾಡಿದ. ತೀರ್ಪು ಉಲ್ಟಾ ಬಂತು: ಸರ್ಕಾರವೇ ಆತನಿಗೆ 1,36,000 ಡಾಲರಿಗೂ ಜಾಸ್ತಿ ಕೊಡಬೇಕು! ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದರಲ್ಲಿ ಒಂದು ಭಾಗವನ್ನು ಕೊಟ್ಟಿತು. ಆ ಹೊತ್ತಿಗೆ ಮನುಷ್ಯ ಮುಗಿದುಹೋಗಿದ್ದ. ಅಧಿಕಾರ ಬಿಟ್ಟು ಮೂರು ತಿಂಗಳಿಗೆ, 1825ರ ಜೂನ್ 11ರಂದು, ಸ್ಟೇಟನ್ ಐಲೆಂಡಿನಲ್ಲಿ ತೀರಿಕೊಂಡ. ಇನ್ನೂ ಐವತ್ತೊಂದು ತುಂಬಿರಲಿಲ್ಲ.

ಹಾಗಾಗಿ ನಿಮ್ಮ ಆಕ್ಷೇಪಣೆಯನ್ನು ಅರ್ಧ ಒಪ್ಪುತ್ತೇವೆ. ಲೆಕ್ಕದಲ್ಲಿ ಆತ ಫೇಲ್. ಆದರೆ ಲೆಕ್ಕ ಬರೆಯಲು ಬಾರದವನನ್ನು ಕಳ್ಳ ಅನ್ನಲು ನಮಗೆ ಮನಸ್ಸಿಲ್ಲ. ದುಡ್ಡು ತಿಂದವನು ಸಾಲದಲ್ಲಿ ಸಾಯುತ್ತಿದ್ದನೇ? ಇನ್ನೊಂದು ವಿಷಯ ನಮ್ಮ ಲೇಖನದಲ್ಲಿ ಬಿಟ್ಟೇಹೋಗಿತ್ತು. ಗವರ್ನರ್ ಹುದ್ದೆ ಬಿಡುವ ಮುನ್ನ, 1817ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಕೊನೆಯಾಗಲು ದಿನ ಗೊತ್ತು ಮಾಡಿ ಅಂತ ಶಾಸನಸಭೆಗೆ ಹೇಳಿದ. ಅವರು ಅದೇ ವರ್ಷ ಕಾನೂನು ಮಾಡಿ 1827ರ ಜುಲೈ 4 ಎಂದು ಗೊತ್ತು ಮಾಡಿದರು. ಆ ದಿನ ನೋಡಲು ಆತ ಇರಲಿಲ್ಲ.

ಇನ್ನು ಆ ‘ಡಿ’. ಅದಕ್ಕೆ ಅರ್ಥವೇ ಇಲ್ಲ! ಓದುವಾಗ ಇನ್ನೊಬ್ಬ ಡೇನಿಯಲ್ ಟಾಂಪ್ಕಿನ್ಸ್ ಇದ್ದನಂತೆ, ಗೊಂದಲವಾಗಬಾರದು ಅಂತ ನಡುವೆ ಒಂದು ಅಕ್ಷರ ತೂರಿಸಿಕೊಂಡ. ನಮ್ಮಲ್ಲಿ ಇನಿಷಿಯಲ್ ಅಂದರೆ ಊರೋ ಅಪ್ಪನ ಹೆಸರೋ ಇರಬೇಕು ಅಲ್ವಾ. ಆತನದ್ದು ಅದಕ್ಕೂ ವೋಚರ್ ಇಲ್ಲ.